ಎಡಪುಟದಲ್ಲಿ ಜಾಯಿಂಟ್ ನಂಬರು, ಬಲಪುಟದಲ್ಲಿ ಮಕ್ಕಳು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ಆ ಮನೆಯವರು ಒಪ್ಪಿದ್ದಾರೆ. ಗುರುತು ಹತ್ತುವ ವಿವರಗಳನ್ನು ಬದಲಾಯಿಸಿದ್ದೇನೆ. ಹೆಸರುಗಳ ಬದಲು ಅಕ್ಕ, ತಮ್ಮ, ಅಮ್ಮ, ಅಪ್ಪ ಅಂತಲೇ ಬರೆಯುತ್ತೇನೆ.

ಮೊದಲು ಬಂದವರು ಅಕ್ಕ. ವಯಸ್ಸು 38. ಅಪ್ಪ ತೀರಿಕೊಂಡು ಹತ್ತು ತಿಂಗಳಾಗಿತ್ತು. ಹೃದಯಾಘಾತ. ಕಾಯಿಲೆ ಬಿದ್ದವರಲ್ಲ, ಯಾರಿಗೂ ಮಾತಾಡಲು ಸಮಯ ಕೊಟ್ಟವರಲ್ಲ. ವರ್ಷ ತುಂಬುವ ದಿನ ನೆಂಟರು, ಅಪ್ಪನ ಜೊತೆ ಕೆಲಸ ಮಾಡಿದವರು ಎಲ್ಲ ಸೇರಬೇಕು, ಅಲ್ಲಿ ಅಪ್ಪನ ಬಗ್ಗೆ ಬರೆದು ಓದಬೇಕು ಎಂದು ಮನೆಯಲ್ಲಿ ಮಾತಾಗಿತ್ತು. ಚೆನ್ನಾಗಿ ಬರೆಯುವವಳು ನೀನೇ ಅಂತ ಆ ಕೆಲಸ ಅಕ್ಕನ ಪಾಲಿಗೆ ಬಂತು.

ಮಡಚಿದ ಹಾಳೆಯನ್ನು ಬಿಡಿಸಿ ನನ್ನ ಮುಂದಿಟ್ಟರು. ಮೂರೇ ಸಾಲು. "ನಮ್ಮ ತಂದೆಯವರು ಶ್ರಮಜೀವಿ. ದೇಶ ವಿದೇಶ ಸುತ್ತಿದವರು. ಕುಟುಂಬವೇ ಅವರ ಉಸಿರಾಗಿತ್ತು." ಮೂರನೇ ಸಾಲನ್ನು ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದಿದ್ದರು.

"ಇಲ್ಲಿಗೇ ನಿಂತುಹೋಯ್ತು ಮೇಡಂ. ಆರು ವಾರದಿಂದ ಇಷ್ಟೇ. ಈ ಸಾಲು ಬರೆದಾಗಲೆಲ್ಲ ಸುಳ್ಳು ಹೇಳ್ತಿದ್ದೀನಿ ಅನಿಸುತ್ತೆ. ಹೊಡೆದು ಹಾಕಿದರೆ ಅಪ್ಪನಿಗೆ ಮೋಸ ಮಾಡ್ತಿದ್ದೀನಿ ಅನಿಸುತ್ತೆ."

ನಿದ್ದೆ ಸರಿಯಿರಲಿಲ್ಲ. ಕಣ್ಣೀರು ಬರುತ್ತಿರಲಿಲ್ಲ. ನೆಂಟರಲ್ಲಿ ಯಾರೋ ಅದನ್ನು ಗಮನಿಸಿ ಮಾತಾಡಿದ್ದರು. ತಮ್ಮನ ಫೋನ್ ಎತ್ತುವುದನ್ನೇ ನಿಲ್ಲಿಸಿದ್ದರು. ಒಂದು ದಿನ ಮಾತಿಗೆ ಮಾತು ಬೆಳೆದು ತಮ್ಮ, "ನಿಂಗೆ ಅಪ್ಪ ಅಂದ್ರೆ ಮೊದಲಿಂದ್ಲೂ ಅಷ್ಟಕ್ಕಷ್ಟೇ ಕಣೇ ಅಕ್ಕ" ಅಂದುಬಿಟ್ಟಿದ್ದ.

ಇಂಥ ಸಂದರ್ಭದಲ್ಲಿ ನಾನು ಮೊದಲು ಕೇಳುವುದು ಹೋದವರ ಬಗ್ಗೆ ಅಲ್ಲ, ಎದುರಿಗೆ ಕೂತವರ ಬಗ್ಗೆ. ಊಟ ಹೋಗುತ್ತಿದೆಯಾ, ಕೆಲಸಕ್ಕೆ ಹೋಗಲು ಆಗುತ್ತಿದೆಯಾ, ಬದುಕೇ ಬೇಡ ಅನಿಸುತ್ತಿದೆಯಾ. ಕೊನೆಯ ಪ್ರಶ್ನೆಯನ್ನು ಸುತ್ತಿಬಳಸದೆ ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳಿದ್ದಕ್ಕೆ ಜನ ಹಗುರಾಗುತ್ತಾರೆ. ಅಕ್ಕನಿಗೆ ಅಂಥ ಯೋಚನೆ ಇರಲಿಲ್ಲ. ಇದ್ದಿದ್ದರೆ ಬರವಣಿಗೆಯ ವಿಷಯವನ್ನು ಪಕ್ಕಕ್ಕಿಟ್ಟು ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಇನ್ನೊಂದನ್ನೂ ನೋಡಬೇಕಿತ್ತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ 'ಪ್ರೊಲಾಂಗ್ಡ್ ಗ್ರೀಫ್ ಡಿಸಾರ್ಡರ್' ಎಂಬುದಿದೆ. ಅಗಲಿಕೆಯ ಕಡುನೋವು 6 ತಿಂಗಳು ದಾಟಿದರೂ ತಗ್ಗದೆ ದಿನದ ಬದುಕನ್ನೇ ಕಟ್ಟಿಹಾಕಿದ್ದರೆ ಆ ಹೆಸರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ದೊಡ್ಡವರಿಗೆ 12 ತಿಂಗಳ ಗಡಿ ಇಟ್ಟಿದೆ. ಅಕ್ಕ ಕೆಲಸಕ್ಕೆ ಹೋಗುತ್ತಿದ್ದರು, ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು, ಗೆಳತಿಯರ ಜೊತೆ ನಗುತ್ತಲೂ ಇದ್ದರು. ಇದು ಕಾಯಿಲೆ ಅಲ್ಲ ಅಂತ ನನಗೆ ಅನಿಸಿತು. ಇದು ಗಂಟಲಲ್ಲಿ ಸಿಕ್ಕಿಕೊಂಡ ಒಂದು ಮಾತು.

ಆಮೇಲೆ ಕೇಳಿದೆ. "ನಿಮ್ಮ ಅಪ್ಪ ಏನು ಕೆಲಸ ಮಾಡುತ್ತಿದ್ದರು?"

"ವೆಲ್ಡರ್. ಪೈಪ್ ಕೆಲಸ. ಹೊರದೇಶದಲ್ಲಿ."

"ಪೈಪ್ ಕೆಲಸ ಅಂದ್ರೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗೊತ್ತಿಲ್ಲ ಮೇಡಂ. ಕೇಳೇ ಇಲ್ಲ."

ನನ್ನ ಅನುಭವದಲ್ಲಿ ಇದು ತುಂಬಾ ಸಲ ಆಗುತ್ತದೆ. ಕೈಕೆಲಸದವರ ಮಕ್ಕಳಿಗೆ ಆ ಕೆಲಸದಿಂದ ಬಂದ ಮನೆ, ಓದು, ಬಟ್ಟೆ ಗೊತ್ತಿರುತ್ತದೆ. ಕೆಲಸ ಗೊತ್ತಿರುವುದಿಲ್ಲ. ಅಪ್ಪನ ದಿನದ ಹನ್ನೆರಡು ಗಂಟೆ ಮಕ್ಕಳ ಪಾಲಿಗೆ ಖಾಲಿ ಜಾಗ. ಆ ಖಾಲಿ ಜಾಗಕ್ಕೆ 'ಶ್ರಮಜೀವಿ' ಎಂಬ ಪದ ತುಂಬಿಸಿಬಿಡುತ್ತೇವೆ.

ವಿವರ ಹೀಗಿತ್ತು. ಅಪ್ಪ 22ನೇ ವಯಸ್ಸಿಗೆ ಹೊರಟವರು. ತೈಲ ಶುದ್ಧೀಕರಣ ಘಟಕ, ವಿದ್ಯುತ್ ಸ್ಥಾವರ, ಹಡಗು ಕಟ್ಟುವ ಜಾಗ ಅಂತ 28 ವರ್ಷದಲ್ಲಿ 9 ದೇಶಗಳಲ್ಲಿ ಕೆಲಸ ಮಾಡಿದರು. 50ಕ್ಕೆ ವಾಪಸ್ ಬಂದು ಮನೆ ಹತ್ತಿರವೇ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡರು. ತೀರಿಕೊಂಡಾಗ 67. ಅವರು ವಾಪಸ್ ಬಂದಾಗ ಅಕ್ಕನಿಗೆ 21, ಓದಿಗೆ ಅಂತ ಮನೆ ಬಿಟ್ಟಾಗಿತ್ತು. ತಮ್ಮನಿಗೆ 14.

ಈ ಲೆಕ್ಕ ಕೇಳಿದಾಗಲೇ ನನಗೆ ಜಗಳದ ಬುಡ ಕಂಡಿತು. ಇಬ್ಬರು ಮಕ್ಕಳಿಗೆ ಇಬ್ಬರು ಅಪ್ಪಂದಿರು. ಅಕ್ಕನ ಅಪ್ಪ ಫೋನಿನಲ್ಲಿ ಬರುವ ದನಿ, ಒಂದೂವರೆ ವರ್ಷಕ್ಕೊಮ್ಮೆ ಬಂದು ಮುಖ ಗುರುತಾಗುವ ಹೊತ್ತಿಗೆ ಹೊರಡುವ ಮನುಷ್ಯ. ತಮ್ಮನ ಅಪ್ಪ ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿರುತ್ತಿದ್ದವರು. ಇಬ್ಬರೂ ನಿಜವೇ ಹೇಳುತ್ತಿದ್ದರು. 'ಕುಟುಂಬವೇ ಉಸಿರು' ಎಂಬ ಸಾಲು ತಮ್ಮನ ಬಾಯಲ್ಲಿ ಸಲೀಸಾಗಿ ಬರುತ್ತಿತ್ತು. ಅಕ್ಕನಿಗೆ ಅದೇ ಸಾಲು ಚುಚ್ಚುತ್ತಿತ್ತು.

"ಎಲ್ಲಾ ನಿಮಗೋಸ್ಕರ ತಾನೇ ಮಾಡಿದ್ದು ಅಂತಾರೆ ಮೇಡಂ. ನಂಗೂ ಗೊತ್ತು. ಅದು ಗೊತ್ತಿರೋದ್ರಿಂದ್ಲೇ ಬಾಯಿ ಬಿಡೋಕಾಗಲ್ಲ."

ಈ ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಹೇಳುವವರು ಸಮಾಧಾನಕ್ಕೇ ಹೇಳುತ್ತಾರೆ. ಆದರೆ ಅದು ಕೇಳುವವರ ಬಾಯಿ ಮುಚ್ಚಿಸುತ್ತದೆ. ತ್ಯಾಗ ಮಾಡಿದವರ ಮೇಲೆ ದೂರು ಹೇಳುವುದು ಹೇಗೆ? ಹೇಳದೆ ಉಳಿದ ದೂರು ಒಳಗೇ ಕೂತು ಪ್ರೀತಿಯ ದಾರಿಯನ್ನೂ ಕಟ್ಟುತ್ತದೆ. ಅಕ್ಕನಿಗೆ ಅಳು ಬಾರದೆ ಇದ್ದದ್ದು ಪ್ರೀತಿ ಇಲ್ಲದ್ದಕ್ಕಲ್ಲ.

ನಾನು ಕೊಟ್ಟ ಮೊದಲ ಸಲಹೆ ಇದು. ಸಭೆಯಲ್ಲಿ ಓದುವ ಬರಹವನ್ನು ಮೂರು ವಾರ ಮುಟ್ಟಬೇಡಿ. ಅದರ ಬದಲು ಅಪ್ಪನಿಗೇ ಒಂದು ಪತ್ರ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ, ನನಗೂ ತೋರಿಸಬೇಕಿಲ್ಲ. ಹೊಗಳಿಕೆ ಬೇಡ. ನಿಮ್ಮ ದೂರು ಏನಿದೆಯೋ ಅದನ್ನು ತಾರೀಖು ಸಮೇತ ಬರೆಯಿರಿ. ಕೈಯಲ್ಲೇ ಬರೆಯಿರಿ. ರಾತ್ರಿ ಹತ್ತರ ಮೇಲೆ ಬರೆಯಬೇಡಿ. ಅರ್ಧ ಗಂಟೆ ಆದ ಮೇಲೆ ಎದ್ದು ಬೇರೆ ಕೆಲಸ ಮಾಡಿ.

ಕೊನೆಯದನ್ನು ಯಾಕೆ ಹೇಳಿದೆ ಅಂದರೆ, ದುಃಖದ ಜೊತೆ ಇಡೀ ದಿನ ಕೂರುವುದೂ ಒಳ್ಳೆಯದಲ್ಲ, ಅದರಿಂದ ಇಡೀ ದಿನ ಓಡುವುದೂ ಒಳ್ಳೆಯದಲ್ಲ. ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ಇದನ್ನೇ ಒಂದು ಮಾದರಿಯಾಗಿ ಇಟ್ಟರು. ಮನಸ್ಸು ಒಮ್ಮೆ ಕಳೆದುಕೊಂಡದ್ದರ ಕಡೆ ಹೋಗುತ್ತದೆ, ಒಮ್ಮೆ ಮುಂದಿನ ಬದುಕಿನ ಕಡೆ ಬರುತ್ತದೆ. ಉಯ್ಯಾಲೆಯ ಹಾಗೆ. ಆ ಓಡಾಟವೇ ಆರೋಗ್ಯ. ಒಂದೇ ಕಡೆ ನಿಂತರೆ ತೊಂದರೆ. ಗೆಳತಿಯರ ಜೊತೆ ನಕ್ಕದ್ದಕ್ಕೆ ಅಕ್ಕನಿಗೆ ತಪ್ಪಿತಸ್ಥ ಭಾವನೆ ಇತ್ತು. ಇದನ್ನು ಹೇಳಿದ ಮೇಲೆ ಅದು ಸ್ವಲ್ಪ ಇಳಿಯಿತು.

ಎರಡನೇ ಭೇಟಿಗೆ ಬಂದಾಗ ಪತ್ರ ಹನ್ನೊಂದು ಪುಟ ಆಗಿತ್ತಂತೆ. ಒಂದು ಪ್ರಸಂಗವನ್ನು ಬಾಯಲ್ಲಿ ಹೇಳಿದರು. ಅವರಿಗೆ ಆಗ 14. ಅಪ್ಪ ಬರುವ ದಿನ ಗೊತ್ತಾಗಿತ್ತು. ಹೊಸ ಬಟ್ಟೆ ಹಾಕಿಕೊಂಡು ಬಾಗಿಲ ಹತ್ತಿರ ಸಂಜೆವರೆಗೂ ಕೂತಿದ್ದರು. ರಾತ್ರಿ ಫೋನ್ ಬಂತು. ಇನ್ನೂ ಮೂರು ವಾರ ಆಗುತ್ತೆ, ಶಟ್‌ಡೌನ್ ಮುಂದಕ್ಕೆ ಹೋಗಿದೆ ಅಂತ. "ಶಟ್‌ಡೌನ್ ಅಂದ್ರೆ ಏನು ಅಂತ ನಂಗೆ ಆಗ್ಲೂ ಗೊತ್ತಿರಲಿಲ್ಲ. ನನಗಿಂತ ದೊಡ್ಡದು ಏನೋ ಒಂದು ಅಂತ ಮಾತ್ರ ಅರ್ಥ ಆಗಿತ್ತು." ಇದನ್ನು ಹೇಳುವಾಗ ಅವರಿಗೆ ಮೊದಲ ಸಲ ಅಳು ಬಂತು. ನಾನು ಏನೂ ಹೇಳಲಿಲ್ಲ. ಆ ಅಳು ಅವರಿಗೆ ಹತ್ತು ತಿಂಗಳಿಂದ ಸಿಕ್ಕಿರಲಿಲ್ಲ.

ಅವತ್ತು ಎರಡು ಕೆಲಸ ಕೊಟ್ಟೆ. ಒಂದು, ಅಪ್ಪನ ಪಾಸ್‌ಪೋರ್ಟ್‌ಗಳನ್ನು ಹುಡುಕಿ. ಉದ್ದನೆ ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಗೆರೆ ಮೇಲೆ ಅಪ್ಪ ಯಾವ ವರ್ಷ ಎಲ್ಲಿದ್ದರು ಅಂತ ಬರೆಯಿರಿ. ಗೆರೆ ಕೆಳಗೆ ಅದೇ ಹೊತ್ತಿಗೆ ಮನೆಯಲ್ಲಿ ಏನಾಗುತ್ತಿತ್ತು ಅಂತ ಬರೆಯಿರಿ. ಊಹೆ ಬೇಡ, ಮುದ್ರೆಯ ತಾರೀಖು ನೋಡಿ ಬರೆಯಿರಿ. ಎರಡು, ಅಪ್ಪನ ಜೊತೆ ಕೆಲಸ ಮಾಡಿದ ಒಬ್ಬರಿಗೆ ಫೋನ್ ಮಾಡಿ. "ಅಪ್ಪ ಹೇಗಿದ್ದರು" ಅಂತ ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ "ದೇವರಂಥ ಮನುಷ್ಯ" ಅಂತಲೇ ಹೇಳುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತಿದ್ದರು, ಯಾವುದಕ್ಕೆ ಸಿಟ್ಟು ಬರುತ್ತಿತ್ತು, ಕೆಲಸ ಮುಗಿದ ಮೇಲೆ ಮೊದಲ ಒಂದು ಗಂಟೆ ಏನು ಮಾಡುತ್ತಿದ್ದರು, ಇಂಥದ್ದು ಕೇಳಿ. ಸಣ್ಣ ಪ್ರಶ್ನೆಗೆ ನಿಜವಾದ ಉತ್ತರ ಸಿಗುತ್ತದೆ.

ಮೂರು ಪಾಸ್‌ಪೋರ್ಟ್ ಸಿಕ್ಕವು, ಒಂದಕ್ಕೊಂದು ದಾರದಲ್ಲಿ ಕಟ್ಟಿದ್ದವು. ಗೆರೆ ಎಳೆದು ಮುಗಿಸಿದಾಗ ಸಿಕ್ಕ ಲೆಕ್ಕ ಹೀಗಿತ್ತು: ಅಕ್ಕನ ಮೊದಲ 18 ಹುಟ್ಟುಹಬ್ಬಗಳಲ್ಲಿ ಅಪ್ಪ ಮನೆಯಲ್ಲಿದ್ದದ್ದು 4ಕ್ಕೆ. ತಮ್ಮ ಹುಟ್ಟಿದಾಗ ಇರಲಿಲ್ಲ, ಮಗುವಿಗೆ ಐದು ತಿಂಗಳಾದ ಮೇಲೆ ಬಂದರು. ಈ ಅಂಕಿ ನೋಡಿ ಅಕ್ಕನ ಸಿಟ್ಟು ಜಾಸ್ತಿ ಆಗಬಹುದು ಅಂದುಕೊಂಡಿದ್ದೆ. ಆದದ್ದೇ ಬೇರೆ. "ನಾನು ಸುಮ್ನೆ ಕಲ್ಪನೆ ಮಾಡ್ಕೊಂಡಿರಲಿಲ್ಲ ಅಂತ ಗೊತ್ತಾಯ್ತು ಮೇಡಂ" ಅಂದರು. ಅವರಿಗೆ ಬೇಕಿದ್ದದ್ದು ಅಷ್ಟೇ. ತನ್ನ ನೋವಿಗೆ ಲೆಕ್ಕ ಇದೆ ಎಂಬುದು.

ಅಪ್ಪನ ಹಳೆಯ ಜೊತೆಗಾರರಿಗೆ ಫೋನ್ ಮಾಡಿದ್ದೂ ಆಯಿತು. ಇಪ್ಪತ್ತು ನಿಮಿಷ ಅಂದುಕೊಂಡದ್ದು ಎರಡು ಗಂಟೆ ಹಿಡಿಯಿತಂತೆ. ಅಲ್ಲಿಂದ ಅಕ್ಕ ತಂದ ವಿವರಗಳನ್ನು ನಾನೂ ಆಸೆಯಿಂದ ಕೇಳಿದೆ. ಇಂಥ ಕೆಲಸಕ್ಕೆ ಸೇರಬೇಕಾದರೆ ಪೈಪನ್ನು 45 ಡಿಗ್ರಿ ಓರೆಗೆ ಬಿಗಿದು, ಅದನ್ನು ತಿರುಗಿಸದೆ, ವೆಲ್ಡರ್ ತಾನೇ ಸುತ್ತ ಬಗ್ಗಿ ತಿರುಗಿ ಜೋಡಿಸಿ ತೋರಿಸಬೇಕು. 6ಜಿ ಟೆಸ್ಟ್ ಅಂತಾರೆ. ಪೈಪಿನ ಸುತ್ತ ಮೊದಲು ಹಾಕುವ ವೆಲ್ಡಿಂಗ್‌ಗೆ ರೂಟ್ ಎಂದು ಹೆಸರು. ಮೇಲೆ ಮತ್ತೆ ಮತ್ತೆ ಲೋಹ ತುಂಬಿದ ಮೇಲೆ ರೂಟ್ ಹೊರಗಿನಿಂದ ಕಾಣುವುದೇ ಇಲ್ಲ. ಕರಗಿ ಜೋಡಣೆಗೆ ಲೋಹ ತುಂಬುವ ಕಡ್ಡಿಗಳೇ ರಾಡ್; ಕೆಲವು ರಾಡ್‌ಗಳನ್ನು ಬಿಸಿ ಡಬ್ಬಿಯಲ್ಲೇ ಇಟ್ಟುಕೊಂಡು ಓಡಾಡಬೇಕು, ತೇವ ಹಿಡಿದರೆ ಜೋಡಣೆಯೊಳಗೆ ಹೈಡ್ರೋಜನ್ ಸೇರಿ ಆಮೇಲೆ ಬಿರುಕು ಬಿಡುತ್ತದೆ. ಕೆಲಸ ಮುಗಿದ ಜಾಯಿಂಟ್ ಪಕ್ಕ ವೆಲ್ಡರ್ ತನ್ನ ನಂಬರ್ ಹಾಕಬೇಕು. ಎಕ್ಸ್‌ರೇ ತೆಗೆದು ನೋಡುತ್ತಾರೆ. ಒಳಗೆ ದೋಷ ಕಂಡರೆ ಯಾರ ಕೈಕೆಲಸ ಎಂದು ನಂಬರೇ ಹೇಳುತ್ತದೆ. ಕತ್ತರಿಸಿ ತೆಗೆದು ಮತ್ತೆ ಮಾಡಬೇಕು.

ಶಟ್‌ಡೌನ್ ಅಂದರೇನು ಎಂದೂ ಗೊತ್ತಾಯಿತು. ದೊಡ್ಡ ಘಟಕವನ್ನು ಕೆಲವು ವಾರ ಪೂರ್ತಿ ನಿಲ್ಲಿಸಿ, ಹಗಲು ರಾತ್ರಿ ಪಾಳಿ ಹಾಕಿ ರಿಪೇರಿ ಮುಗಿಸುತ್ತಾರೆ. ನಿಂತ ಒಂದೊಂದು ದಿನವೂ ನಷ್ಟ. ಒಳಗೆ ತೆರೆದು ನೋಡಿದಾಗ ಅಂದುಕೊಂಡದ್ದಕ್ಕಿಂತ ಜಾಸ್ತಿ ಕೆಲಸ ಕಂಡರೆ ಎಲ್ಲರ ರಜೆಯೂ ಮುಂದಕ್ಕೆ. 14 ವರ್ಷದ ಹುಡುಗಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಆ ಜೊತೆಗಾರರು ಬರೀ ಒಳ್ಳೆಯದನ್ನೇ ಹೇಳಲಿಲ್ಲ. ಅಪ್ಪನಿಗೆ ಮುಂಗೋಪ, ಹೆಲ್ಪರ್ ಹುಡುಗರನ್ನು ಬೈದು ಅಳಿಸಿದ್ದುಂಟು, ಆಮೇಲೆ ಕ್ಷಮೆ ಕೇಳಲು ಬಾರದೆ ಅವರ ಪಕ್ಕ ಸುಮ್ಮನೆ ಹೋಗಿ ಕೂರುತ್ತಿದ್ದರು ಅಂದರಂತೆ. ಅಕ್ಕ ಇದನ್ನು ಹೇಳುವಾಗ ನಗುತ್ತಿದ್ದರು. "ನಮ್ಮನೇಲೂ ಹಂಗೇ ಮೇಡಂ!" ಹೋದವರು ಮತ್ತೆ ಮನುಷ್ಯರಾಗಿ ಕಾಣುವುದು ಹೀಗೆ.

ಮೂರನೇ ಭೇಟಿಗೆ ತಮ್ಮನನ್ನೂ ಕರೆಸಿದೆ. ಬರಬಹುದಾ ಅಂತ ಅಕ್ಕನಿಂದ ಕೇಳಿಸಲಿಲ್ಲ, ನಾನೇ ಕೇಳಿದೆ. ಆತ ಬಂದ ಕೂಡಲೇ ಕೇಳಿದ ಪ್ರಶ್ನೆ, "ಮೇಡಂ, ದುಃಖದಲ್ಲಿ ಐದು ಹಂತ ಇರುತ್ತಂತಲ್ಲ, ನಾನು ಇನ್ನೂ ಎರಡನೇದ್ರಲ್ಲೇ ಇದ್ದೀನಾ?" ಇದನ್ನು ಬಹಳ ಜನ ಕೇಳುತ್ತಾರೆ. ಮನೋವೈದ್ಯೆ ಎಲಿಜಬೆತ್ ಕೂಬ್ಲರ್ ರಾಸ್ 1969ರಲ್ಲಿ ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು ಎಂಬ ಆ ಐದು ಹಂತಗಳನ್ನು ಬರೆದದ್ದು ಸಾಯುವ ಕಾಯಿಲೆಯಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಅದು ಉಳಿದವರಿಗೆ ಕೊಟ್ಟ ಪರೀಕ್ಷೆಯ ಪಠ್ಯ ಅಲ್ಲ. ಒಂದಾದ ಮೇಲೆ ಒಂದು ಮೆಟ್ಟಿಲು ಹತ್ತಬೇಕು ಎಂದೇನಿಲ್ಲ, ಹತ್ತದಿದ್ದರೆ ಫೇಲೂ ಅಲ್ಲ. ಇಷ್ಟು ಹೇಳಿದ್ದಕ್ಕೆ ಆ ಹುಡುಗ ಕುರ್ಚಿಗೆ ಒರಗಿ ಕೂತ. ನಾನು ಹುಡುಗ ಅನ್ನುತ್ತಿದ್ದೇನೆ, ಅವನಿಗೆ 31.

ಅವನು ಅಪ್ಪನ ಚೀಲ ತಂದಿದ್ದ. ಏನಾದರೂ ಒಂದು ವಸ್ತು ತನ್ನಿ ಅಂದಿದ್ದೆ, ಇಡೀ ಚೀಲವನ್ನೇ ತಂದಿದ್ದ. ದಪ್ಪ ಕ್ಯಾನ್ವಾಸ್, ಕಿಡಿ ಬಿದ್ದು ಅಲ್ಲಲ್ಲಿ ಸಣ್ಣ ತೂತು. ಒಂದೊಂದೇ ತೆಗೆದು ಮೇಜಿನ ಮೇಲೆ ಇಟ್ಟ. ವೆಲ್ಡಿಂಗ್ ಮೇಲಿನ ಕರಿ ಕಿಟ್ಟ ಕುಟ್ಟಿ ಉದುರಿಸುವ ಸುತ್ತಿಗೆ. ತಂತಿ ಬ್ರಷ್, ಒಂದು ಬದಿ ಸವೆದು ಓರೆಯಾಗಿತ್ತು. ಹೆಲ್ಮೆಟ್ಟಿನ ಕಪ್ಪು ಗಾಜು, ಬಟ್ಟೆಯಲ್ಲಿ ಸುತ್ತಿದ್ದು. ಆ ಗಾಜನ್ನು ನಾನು ಕಿಟಕಿಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಆರ್ಕ್, ಅಂದರೆ ವೆಲ್ಡಿಂಗ್‌ನ ಕಣ್ಣು ಕೋರೈಸುವ ಬೆಳಕು, ಹೊತ್ತಿಕೊಂಡಾಗ ಮಾತ್ರ ಅದರಲ್ಲಿ ಕೆಲಸ ಕಾಣುತ್ತದೆ ಎಂದು ತಮ್ಮ ಹೇಳಿದ. ಗಾಜಿಲ್ಲದೆ ನೋಡಿದರೆ ಆ ಹೊತ್ತಿಗೆ ಏನೂ ಅನಿಸುವುದಿಲ್ಲ, ರಾತ್ರಿ ಕಣ್ಣಿಗೆ ಮರಳು ಹಾಕಿದ ಹಾಗೆ ಉರಿ ಶುರುವಾಗುತ್ತದಂತೆ. ವರ್ಕ್‌ಶಾಪಿನಲ್ಲಿ ಅಪ್ಪ ಅವನಿಗೆ ಮೊದಲು ಕಲಿಸಿದ್ದೇ ಕಣ್ಣು ತಿರುಗಿಸಿಕೊಳ್ಳುವುದನ್ನು.

ಚೀಲದ ಪಕ್ಕದ ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮೂರು ಪಾಕೆಟ್ ನೋಟ್‌ಬುಕ್ ಇದ್ದವು. ತಮ್ಮ ಅವನ್ನು ತೆರೆದು ನೋಡಿರಲಿಲ್ಲ. ಲೆಕ್ಕದ ಪುಸ್ತಕ ಅಂದುಕೊಂಡಿದ್ದ. ಅಕ್ಕ ಒಂದನ್ನು ತೆಗೆದರು.

ಎಡಪುಟದಲ್ಲಿ ಜಾಯಿಂಟ್ ನಂಬರು, ಪೈಪಿನ ಅಳತೆ, ರಾಡಿನ ಅಳತೆ, ಪಾಸ್ ಆಯಿತೋ ರಿಪೇರಿ ಬಂತೋ. ಬಲಪುಟದಲ್ಲಿ ಮನೆ. ಅದು ವಾರಕ್ಕೊಮ್ಮೆ ಫೋನ್ ಮಾಡುವಾಗ ಕೇಳಬೇಕಾದ ಪ್ರಶ್ನೆಗಳ ಪಟ್ಟಿ. ಮಗಳ ಹಲ್ಲು ನೋವು. ಮಗಳು, ಆ ಗೆಳತಿ ಜೊತೆ ಮಾತು ಬಿಟ್ಟದ್ದು ಸರಿ ಹೋಯ್ತಾ. ಗಣಿತ, ಭಿನ್ನರಾಶಿ. ಮಗ, ಕೆಮ್ಮು. ಮಗ ಕತ್ತಲಿಗೆ ಹೆದರುವುದು. ಅವಳಿಗೆ ಬೆನ್ನು. ಕೇಳಿದ ಪ್ರಶ್ನೆಗೆ ಪಕ್ಕದಲ್ಲಿ ಒಂದು ಸರಿ ಗುರುತು. ಉತ್ತರ ಎರಡು ಪದದಲ್ಲಿ. ಮುಂದಿನ ವಾರದ ಪುಟದಲ್ಲಿ ಅದರ ಮುಂದಿನ ಪ್ರಶ್ನೆ.

ಅಕ್ಕ ತುಂಬಾ ಹೊತ್ತು ಪುಟ ತಿರುಗಿಸುತ್ತಲೇ ಇದ್ದರು. ಆಮೇಲೆ ಹೇಳಿದರು. "ಫೋನಲ್ಲಿ ಅಪ್ಪ ಇಂಟರ್‌ವ್ಯೂ ಮಾಡೋರ ಥರ ಕೇಳ್ತಿದ್ರು ಮೇಡಂ. ಹಲ್ಲು? ಗಣಿತ? ಗೆಳತಿ? ಒಂದಾದ ಮೇಲೊಂದು. ಪ್ರೀತಿಯಿಂದ ಮಾತಾಡೋಕೇ ಬರಲ್ಲ ಅಂದ್ಕೊಂಡಿದ್ದೆ. ನಿಮಿಷದ ಲೆಕ್ಕದಲ್ಲಿ ಫೋನು, ಹಿಂದೆ ಸಾಲಲ್ಲಿ ಜನ. ಬರ್ಕೊಂಡು ಬಂದು ನಿಂತಿರ್ತಿದ್ರು."

ತಮ್ಮ ಮೆಲ್ಲಗೆ, "ಅಕ್ಕ, ನಂದು ಬರೀ ಕೆಮ್ಮು. ಎಲ್ಲಾ ಪುಟದಲ್ಲೂ ನೀನೇ ಇದ್ದೀಯಲ್ಲೇ" ಅಂದ. ಅವತ್ತು ಅವರಿಬ್ಬರೂ ಒಟ್ಟಿಗೆ ಮನೆಗೆ ಹೋದರು.

ಇಲ್ಲಿ ಒಂದು ಮಾತು ಹೇಳಬೇಕು. ಆ ನೋಟ್‌ಬುಕ್ ಸಿಕ್ಕಿದ್ದರಿಂದ ಅಕ್ಕನ ದೂರು ಸುಳ್ಳಾಗಲಿಲ್ಲ. ಮುಂದಿನ ಭೇಟಿಯಲ್ಲಿ ಅವರು ಬಂದು, "ನಾನು ತಪ್ಪು ತಿಳ್ಕೊಂಡಿದ್ದೆ, ಅಪ್ಪನ ಮೇಲೆ ಸಿಟ್ಟಾಗಿದ್ದೇ ಪಾಪ" ಅಂತ ಶುರು ಮಾಡಿದರು. ನಾನು ತಡೆದೆ. ನಾಲ್ಕು ಹುಟ್ಟುಹಬ್ಬ ನಾಲ್ಕೇ. ಬಾಗಿಲಲ್ಲಿ ಕೂತ ಹುಡುಗಿ ಕೂತೇ ಇದ್ದಳು. ನೋಟ್‌ಬುಕ್ಕೂ ನಿಜ, ಅದೂ ನಿಜ. ಒಂದು ಇನ್ನೊಂದನ್ನು ಅಳಿಸಬೇಕಿಲ್ಲ. ಅಪ್ಪನನ್ನು ದೇವರ ಪೀಠಕ್ಕೆ ಏರಿಸಿದರೆ ಮತ್ತೆ ಮಾತಾಡಲು ಸಿಗುವುದಿಲ್ಲ. ಹೋದವರ ಜೊತೆಗಿನ ಸಂಬಂಧ ಸಾವಿಗೇ ಮುಗಿಯುವುದಿಲ್ಲ, ಅದು ಬೇರೆ ರೂಪದಲ್ಲಿ ಮುಂದುವರಿಯುತ್ತದೆ ಎಂದು ಸಂಶೋಧಕ ಡೆನಿಸ್ ಕ್ಲಾಸ್ ಮತ್ತು ಅವರ ಜೊತೆಗಾರರು 1996ರಲ್ಲಿ ಹೇಳಿದರು. ಅದಕ್ಕಿಂತ ಮೊದಲು 'ಬಿಟ್ಟುಬಿಡುವುದೇ ಗುಣವಾಗುವುದು' ಎಂಬ ನಂಬಿಕೆ ನಮ್ಮ ವೃತ್ತಿಯಲ್ಲೂ ಗಟ್ಟಿಯಾಗಿತ್ತು. ಮುಂದುವರಿಯುವ ಸಂಬಂಧ ಅಂದ ಮೇಲೆ ಅದರಲ್ಲಿ ಮುನಿಸಿಗೂ ಜಾಗ ಬೇಕು, ಅಲ್ವಾ?

ಅಮ್ಮನ ವಿಷಯ ಬರೆಯದಿದ್ದರೆ ಈ ಪ್ರಕರಣ ಅರ್ಧ. ಮೂರು ಭೇಟಿ ಆದರೂ ಅಮ್ಮನನ್ನು ಯಾರೂ ಏನೂ ಕೇಳಿರಲಿಲ್ಲ. ನಾನೂ ತಡವಾಗಿಯೇ ಕರೆಸಿದೆ, ಅದು ನನ್ನ ತಪ್ಪು. ಅಪ್ಪನ ನೆನಪು ಅಂದಾಗ ಎಲ್ಲರೂ ಅಪ್ಪ ಹೋದ ಊರುಗಳ ಬಗ್ಗೆ ಮಾತಾಡುತ್ತಾರೆ. ಅವರು ಹೋದ ಮೇಲೆ ಮನೆ ಯಾರ ಕೈಯಲ್ಲಿ ನಡೆಯಿತು ಎಂಬುದು ಆ ಮಾತಿನಲ್ಲಿ ಬರುವುದೇ ಇಲ್ಲ.

ಅಮ್ಮ ಒಂದು ಗಡಿಯಾರದ ಬಗ್ಗೆ ಹೇಳಿದರು. ಮನೆಯಲ್ಲಿ ಎರಡು ಗೋಡೆ ಗಡಿಯಾರ ಇದ್ದವು. ಒಂದು ಮನೆಯ ಸಮಯಕ್ಕೆ, ಇನ್ನೊಂದು ಅಪ್ಪ ಇರುವ ಕಡೆಯ ಸಮಯಕ್ಕೆ. ಕೆಲಸದ ಜಾಗ ಬದಲಾದಾಗಲೆಲ್ಲ ಸ್ಟೂಲ್ ಹತ್ತಿ ಮುಳ್ಳು ತಿರುಗಿಸುತ್ತಿದ್ದರು. "ಈಗ ಎದ್ದಿರ್ತಾರೆ, ಈಗ ಪಾಳಿ ಮುಗೀತು ಅಂತ ಗೊತ್ತಾಗಬೇಕಲ್ಲಮ್ಮ." ಅಪ್ಪ ವಾಪಸ್ ಬಂದ ಮೇಲೆ ಎರಡೂ ಒಂದೇ ಸಮಯ ತೋರಿಸತೊಡಗಿದವು. ಎರಡನ್ನೂ ಹಾಗೇ ಇಟ್ಟುಕೊಂಡರು. ಅಪ್ಪ ತೀರಿಕೊಂಡ ಮೇಲೆ ಅವರ ಸಮಯದ ಆ ಗಡಿಯಾರದ ಸೆಲ್ ಮುಗಿಯಿತು. ಹೊಸದು ಹಾಕಲು ಕೈ ಬರುತ್ತಿಲ್ಲ, ಇಳಿಸಲೂ ಕೈ ಬರುತ್ತಿಲ್ಲ ಅಂದರು.

ಏನು ಮಾಡಲಿ ಅಂತ ಅವರು ಕೇಳಿದಾಗ ನಾನು ಉತ್ತರ ಕೊಡಲಿಲ್ಲ. ಸದ್ಯ ಏನೂ ಮಾಡಬೇಕಿಲ್ಲ ಅಂದೆ. ವಸ್ತುಗಳ ವಿಷಯದಲ್ಲಿ ನನ್ನ ಸಲಹೆ ಯಾವಾಗಲೂ ಇದೇ. ಆತುರದಲ್ಲಿ ಹಂಚಬೇಡಿ, ಆತುರದಲ್ಲಿ ಎಸೆಯಬೇಡಿ. ಬಟ್ಟೆ, ಹತ್ಯಾರ, ಕಾಗದ ಯಾವುದನ್ನೇ ಆಗಲಿ ಮನೆಯವರೆಲ್ಲ ನೋಡಿದ ಮೇಲೆ ತೀರ್ಮಾನ ಮಾಡಿ. ಫೋನಿನಲ್ಲಿ ಉಳಿದ ದನಿಯ ಮೆಸೇಜುಗಳನ್ನು ಮೊದಲು ಇನ್ನೊಂದು ಕಡೆ ನಕಲು ಮಾಡಿಡಿ. ಫೋನ್ ಹಾಳಾಗಿ ದನಿ ಕಳೆದುಕೊಂಡವರ ಗೋಳನ್ನು ನಾನು ನೋಡಿದ್ದೇನೆ. ಆದರೆ ರಾತ್ರಿಯಿಡೀ ಅದನ್ನೇ ಕೇಳುತ್ತಾ ಕೂರಬೇಡಿ. ಹಗಲು, ಮನೆಯಲ್ಲಿ ಇನ್ನೊಬ್ಬರು ಇದ್ದಾಗ ಕೇಳಿ.

ಅಮ್ಮನಿಗೆ ನಿದ್ದೆ ಬಾರದ್ದು, ತೂಕ ಇಳಿದದ್ದು ನನಗೆ ಚಿಂತೆ ತಂದಿತು. ವೈದ್ಯರಿಗೆ ತೋರಿಸಲು ಹೇಳಿದೆ, ತೋರಿಸಿದರು, ಈಗ ವಾಸಿ. ವಾರಕ್ಕೆ ಎರಡು ದಿನ ಮಗಳು, ಎರಡು ದಿನ ಮಗ ಫೋನ್ ಮಾಡುವುದೆಂದು ಮನೆಯಲ್ಲೇ ನಿಗದಿ ಮಾಡಿಕೊಂಡರು. ಅಕ್ಕ ಫೋನ್ ಮಾಡುವ ಮೊದಲು ಬರೆದುಕೊಳ್ಳುತ್ತಾರಂತೆ.

ಇನ್ನು ಬರಹ. ಸಭೆಗೆ ಹದಿನೈದು ದಿನ ಇರುವಾಗ ಅಕ್ಕ ಮತ್ತೆ ಹಾಳೆ ಹಿಡಿದರು. ನಾನು ಹೇಳಿದ್ದು ಇಷ್ಟು. ಗುಣದ ಪದಗಳನ್ನು ಬಿಡಿ. ಶ್ರಮಜೀವಿ, ಆದರ್ಶ, ಪ್ರೀತಿಯ ಕಡಲು ಯಾವುದೂ ಬೇಡ. ಅಪ್ಪ ಏನು ಮಾಡಿದರು ಅಂತ ಬರೆಯಿರಿ. ಅವರ ಕೈ ಏನು ಮಾಡುತ್ತಿತ್ತು, ಕಾಲು ಎಲ್ಲಿಗೆ ಹೋಯಿತು, ಬಾಯಿ ಏನು ಹೇಳುತ್ತಿತ್ತು. ಕೇಳುವವರು ಗುಣವನ್ನು ತಾವೇ ಕಂಡುಕೊಳ್ಳುತ್ತಾರೆ. ಅಮ್ಮನ ಗಡಿಯಾರ, ತಮ್ಮನ ವರ್ಕ್‌ಶಾಪು, ಜೊತೆಗಾರರ ಮಾತು ಎಲ್ಲವೂ ಒಂದೊಂದು ಪ್ಯಾರಾ ಬರಲಿ, ಒಬ್ಬರ ಕಣ್ಣಿಗೆ ಕಂಡ ಅಪ್ಪನೇ ಪೂರ್ತಿ ಅಪ್ಪ ಅಲ್ಲ. ಓದಲು ಐದು ನಿಮಿಷ ದಾಟದಿರಲಿ. ದನಿ ಕಟ್ಟಿದರೆ ತಮ್ಮ ಮುಂದುವರಿಸುವಂತೆ ಅವನ ಕೈಯಲ್ಲೂ ಒಂದು ಪ್ರತಿ ಇರಲಿ.

ಬರಹದಲ್ಲಿ ಒಂದು ಸಾಲು ಹೀಗಿತ್ತು: "ನನ್ನ ಮೊದಲ 18 ಹುಟ್ಟುಹಬ್ಬಗಳಲ್ಲಿ ಅಪ್ಪ ಮನೆಯಲ್ಲಿದ್ದದ್ದು 4ಕ್ಕೆ. ಉಳಿದ 14 ದಿನವೂ ಅವರು ಎಲ್ಲಿದ್ದರು ಎಂದು ಈಗ ನನಗೆ ಗೊತ್ತು." ಇದನ್ನು ಸಭೆಗೆ ಮೊದಲೇ ಓದಿದ ಹಿರಿಯರೊಬ್ಬರಿಗೆ ಸರಿ ಕಾಣಲಿಲ್ಲ. ಹೋದವರ ಕೊರತೆಯನ್ನು ಹತ್ತು ಜನರ ಮುಂದೆ ಯಾಕೆ ಎತ್ತಬೇಕು, ತೆಗೆದುಬಿಡಮ್ಮ ಅಂದರು. ಅಕ್ಕ ಅಳುಕಿದರು, ನನಗೆ ಫೋನ್ ಮಾಡಿದರು. ಅಮ್ಮನನ್ನು ಕೇಳಿ ಅಂದೆ.

ಅಮ್ಮ ಹಾಳೆಯನ್ನು ಪೂರ್ತಿ ಓದಿದರಂತೆ. ಆಮೇಲೆ ಹೇಳಿದರಂತೆ, "ಅದು ಇರಲಿ ಬಿಡೇ. ಅವರು ಮಾಡಿದ ಕೆಲಸದ ಪಕ್ಕ ಅವರ ನಂಬರ್ ಹಾಕ್ತಿದ್ರು. ಸರಿಯಾಗಿದ್ದರೂ ಅವರದ್ದೇ, ತಪ್ಪಾಗಿದ್ದರೂ ಅವರದ್ದೇ."

ಸಾಲು ಉಳಿಯಿತು. ಸಭೆಯಲ್ಲಿ ಅದನ್ನು ಓದಿದ್ದು ತಮ್ಮ, ಅಕ್ಕನ ದನಿ ಅಲ್ಲಿಗೆ ಬಂದಾಗ ಕಟ್ಟಿತ್ತು.